ನಮೂದಿಗೆ ಎರಡು ರೂಪಾಯಿ

ಪುಟಕ್ಕೆ ಹದಿನೈದು. ಆಕರಪಟ್ಟಿ ಬೇರೆ ಲೆಕ್ಕ,
ನಮೂದೊಂದಕ್ಕೆ ಎರಡು ರೂಪಾಯಿ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು, ಔಷಧಿ ಅಂಗಡಿಯ ಮಾಳಿಗೆಯಲ್ಲಿ
ನನ್ನ ಕಂಪ್ಯೂಟರು, ನನ್ನ ಜೆರಾಕ್ಸು,
ಕರೆಂಟು ಹೋದರೆ ಕೀಚು ಕೀಚೆನ್ನುವ ಇನ್ವರ್ಟರು.
ಪೊನ್ನಂಪೇಟೆಯಿಂದ ಕಾಡಿನ ಬಗ್ಗೆ ಓದುವವರು ಬರುತ್ತಾರೆ.
ಅವರಿಗೆ ಕಾಡು ಗೊತ್ತು,
ನನಗೆ ಅಲ್ಪವಿರಾಮ.

ಮೊದಲು ಮನೆಹೆಸರು, ಆಮೇಲೆ ಇನಿಷಿಯಲ್ಲು,
ಚುಕ್ಕಿಗೂ ಚುಕ್ಕಿಗೂ ನಡುವೆ ಜಾಗ ಬಿಡಬಾರದು,
ಕಂಸದೊಳಗೆ ಇಸವಿ,
ಪತ್ರಿಕೆಯ ಹೆಸರು ಓರೆ, ಸಂಪುಟ ದಪ್ಪ,
ಪುಟಸಂಖ್ಯೆಗಳ ನಡುವಿನ ಗೆರೆ ಉದ್ದದ್ದು, ಗಿಡ್ಡದ್ದಲ್ಲ.
ಗಿಡ್ಡದ್ದು ಹಾಕಿದ್ದಕ್ಕೆ ಒಮ್ಮೆ ಇಡೀ ಲೇಖನ ವಾಪಸು ಬಂದಿತ್ತು,
ಮದುವೆಗೆ ಕರೆದು ಚಪ್ಪಲಿ ನೋಡಿ ಕಳಿಸಿದ ಹಾಗೆ.

ನೆರಿಯಂಡ ಬೊಳ್ಳಮ್ಮ ನಗುತ್ತಾಳೆ:
"ನಮ್ಮಲ್ಲಿ ಹುಟ್ಟಿದಾಗಲೇ ಮನೆಹೆಸರು ಮುಂದೆ.
ಈ ಪತ್ರಿಕೆಯವರು ಕೊಡವರೇ ಇರಬೇಕು ಅಕ್ಕಾ."
ಸಾಫ್ಟ್‌ವೇರಿಗೆ ಅದು ತಿಳಿಯದು.
ಪ್ರತಿ ಸಲ ಅವಳನ್ನು ತಿರುಗಿಸಿ ನಿಲ್ಲಿಸುತ್ತದೆ:
ಬೊಳ್ಳಮ್ಮ, ಎನ್.
ಇಡೀ ಐನ್‌ಮನೆ ಒಂದಕ್ಷರಕ್ಕೆ ಕುಗ್ಗಿ ಬಾಲದಲ್ಲಿ.
ನಾನು ಮತ್ತೆ ತಿರುಗಿಸುತ್ತೇನೆ.
ನನಗಂತೂ ಇರುವುದೊಂದೇ ಹೆಸರು. ಫಾರಂ ತುಂಬುವಾಗ
ಉಪನಾಮದ ಚೌಕದಲ್ಲೂ ಸಾಜಿದಾ, ಹೆಸರಿನ ಚೌಕದಲ್ಲೂ ಸಾಜಿದಾ.

ಅವಳ ಲೇಖನ ಹೆಜ್ಜೇನಿನದ್ದು.
ಅದೇ ಮರಕ್ಕೆ ವರ್ಷ ವರ್ಷವೂ ಯಾಕೆ ಮರಳುತ್ತವೆ,
ಯಾವ ವರ್ಷ ಮರಳುವುದಿಲ್ಲ.
ಆಕರ ಮೂವತ್ತೊಂದು. ಬಂದ ಸರದಿಯಲ್ಲಿ ನಾಲ್ಕನೆಯದು:
ಬೋಜ, ಜೆ.ಕೆ. ತಿತಿಮತಿ ಹತ್ತಿರದ ಹಾಡಿ. ಮಾತುಕತೆ.

ಇಸವಿ?
ಮೂರು ಬೇಸಿಗೆ, ಎಂದಳು.
ಕಂಸದೊಳಗೆ ಮೂರು ಬೇಸಿಗೆ ಕೂರುವುದಿಲ್ಲ, ಎಂದೆ.
ಜೆ ಅಂದರೆ ಊರಾ, ಅಪ್ಪನಾ?
ಎರಡೂ ಅಲ್ಲ. ಜೇನು ಕುರುಬ.
ಶಾಲೆಯಲ್ಲೋ ರೇಷನ್ ಕಾರ್ಡಿನಲ್ಲೋ ಯಾವನೋ ಗುಮಾಸ್ತ
ಇಡೀ ಹಾಡಿಗೆ ಒಂದೇ ಇನಿಷಿಯಲ್ಲು ಹಂಚಿ ಕೈ ತೊಳೆದಿದ್ದ.

ಅವಳ ಹಠಕ್ಕೆ ಮೊದಲ ಸಲ ಕನ್ನಡದಲ್ಲೂ ಹೆಸರು ಬರೆದೆ.
ಅಲ್ಲಿ ತೆರೆದಾಗ ಬೋಜನ ಜಾಗದಲ್ಲಿ
ಚೌಕ, ಪ್ರಶ್ನೆಚಿಹ್ನೆ, ಟೋಪಿ ಹಾಕಿದ ಎ.
ಎರಡನೇ ಸಲ ಇಸವಿ ಕೇಳಿದರು.
ಮೂರನೇ ಪತ್ರ ಬಹಳ ವಿನಯದ್ದು:
ಅಚ್ಚಾಗದ ಮಾತು ಪಟ್ಟಿಯಲ್ಲಿ ಬರುವಂತಿಲ್ಲ,
ದಯವಿಟ್ಟು ನಮೂದು ನಾಲ್ಕನ್ನು ತೆಗೆಯಿರಿ.

ಬೊಳ್ಳಮ್ಮ ಕಿಟಕಿಯತ್ತ ತಿರುಗಿ ಕೂತಳು.
ಕೆಳಗೆ ಕುಟ್ಟದ ಬಸ್ಸು ಹಿಂದೆ ಹಿಂದೆ ಬರುತ್ತಿತ್ತು.
ಒತ್ತಿದವಳು ನಾನೇ. ಒಂದೇ ಬೆರಳು.
ಐದು ನಾಲ್ಕಾಯಿತು, ಆರು ಐದಾಯಿತು,
ಪಟ್ಟಿ ಮೈ ಕೂಡಿಕೊಂಡಿತು, ಸಂದೇ ಕಾಣದ ಹಾಗೆ.
ಲೇಖನದೊಳಗೆ ಮಾತ್ರ ಒಂಬತ್ತು ಕಡೆ
ಬೋಜ ಹೇಳಿದ್ದನ್ನೆಲ್ಲ ಈಗ
ಜರ್ಮನಿಯ ಯಾರೋ ಹೇಳತೊಡಗಿದ್ದ.
ಅವನ ಬಾಯಿ ಮುಚ್ಚಿಸುವಷ್ಟರಲ್ಲಿ ಸಂಜೆಯಾಯಿತು.

ಮುಂದಿನ ವಾರ ಬೋಜನೇ ಬಂದ,
ಜಾತಿ ಪ್ರಮಾಣಪತ್ರದ ಜೆರಾಕ್ಸಿಗೆ, ಎರಡು ಪ್ರತಿ.
ಗಾಜಿನ ಮೇಲೆ ಮಗುಚುವಾಗ ಹೆಸರು ಕಂಡು
ತಡೆಯಲಾರದೆ ಹೇಳಿಬಿಟ್ಟೆ:
ನಿಮ್ಮ ಹೆಸರೊಂದು ಪಟ್ಟಿಯಲ್ಲಿತ್ತು, ತೆಗೆಸಿದರು.
ಯಾವುದಕ್ಕೆ?
ಜೇನು ಮರಳದ ವರ್ಷದ ಮಾತಿಗೆ.
"ಅದು ನನ್ನ ಮಾತಲ್ಲವಲ್ಲ," ಎಂದ, ಚಿಲ್ಲರೆ ಹುಡುಕುತ್ತ.
"ನಮ್ಮತ್ತೆಯದ್ದು. ಆ ಹುಡುಗಿಗೆ ಆಗಲೇ ಹೇಳಿದ್ದೆ.
ಅತ್ತೆಗೆ ಅವಳಣ್ಣ ಹೇಳಿದ್ದು.
ಅಣ್ಣನಿಗೆ ಯಾರು ಅಂತ ಗೊತ್ತಿಲ್ಲ.
ಗೊತ್ತಿಲ್ಲದ್ದು ಹೇಳಬಾರದು."
ನಾಲ್ಕು ರೂಪಾಯಿ ಇಟ್ಟು
ಮೆಟ್ಟಿಲಿಳಿದು ಹೋದ.

ಆ ಸಂಜೆ ಬೊಳ್ಳಮ್ಮನ ಬಿಲ್ಲು ಬರೆದೆ.
ಪುಟ ಹತ್ತೊಂಬತ್ತು. ನಮೂದು ಮೂವತ್ತೊಂದು.
ಅವಳು ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸುತ್ತ ಬಂದಳು,
ಮೂವತ್ತಕ್ಕೆ ನಿಂತಳು,
ನನ್ನ ಮುಖ ನೋಡಿದಳು.
ಮುನ್ನೂರ ನಲವತ್ತೇಳು ಕೊಟ್ಟಳು,
ಚಿಲ್ಲರೆ ಸಮೇತ.